ಕೋಹಾ ಇರುವ ಲೈಬ್ರರಿಗೆ ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು?

ಪ್ರಶ್ನೆ: ನಾನು ಒಂದು ಪದವಿ ಕಾಲೇಜಿನಲ್ಲಿ ಲೈಬ್ರೇರಿಯನ್. ಸುಮಾರು 18 ಸಾವಿರ ಪುಸ್ತಕಗಳಿವೆ, ಅರ್ಧಕ್ಕಿಂತ ಜಾಸ್ತಿ ಕನ್ನಡದವು. ಎರಡು ವರ್ಷದ ಹಿಂದೆ ಲೈಬ್ರರಿ ನಡೆಸಲು ಕೋಹಾ ಅನ್ನುವ ಸಾಫ್ಟ್‌ವೇರ್ ಹಾಕಿಸಿದೆವು. ಇಂಗ್ಲಿಷ್ ಪುಸ್ತಕಗಳೆಲ್ಲ ಅದರಲ್ಲಿವೆ. ಕನ್ನಡದವು ಮಾತ್ರ ಇನ್ನೂ ಎಕ್ಸೆಲ್‌ನಲ್ಲಿ, ನುಡಿ ಫಾಂಟ್‌ನಲ್ಲಿ ಕೂತಿವೆ. ಕೈಯಲ್ಲಿ ಟೈಪ್ ಮಾಡಿ ಸೇರಿಸಿದ ಕೆಲವು ಕನ್ನಡ ಪುಸ್ತಕಗಳು ಹುಡುಕಿದರೆ ಸರಿಯಾಗಿ ಸಿಗುತ್ತಿಲ್ಲ. ನ್ಯಾಕ್‌ಗೆ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಬೇಕಾದ ರಿಪೋರ್ಟ್‌ಗೆ ಪ್ರತಿ ಸಲ ಕೋಹಾ ಹಾಕಿಕೊಟ್ಟವರಿಗೆ ಫೋನ್ ಮಾಡಬೇಕು. ಹಾಗಾಗಿ ನಾನೇ ಪ್ರೋಗ್ರಾಮಿಂಗ್ ಕಲಿಯೋಣ ಅಂತಿದ್ದೇನೆ. ಅಕ್ಕನ ಮಗ "ಜಾವಾ ಕಲೀರಿ ಚಿಕ್ಕಮ್ಮ" ಅನ್ನುತ್ತಾನೆ. ನಮ್ಮ ಕಂಪ್ಯೂಟರ್ ವಿಭಾಗದವರು ಪಿಎಚ್‌ಪಿಯಲ್ಲಿ ನಮ್ಮದೇ ಸಾಫ್ಟ್‌ವೇರ್ ಬರೆಸೋಣ ಅನ್ನುತ್ತಾರೆ. ಕೋಹಾ ಇರುವುದು ಪರ್ಲ್‌ನಲ್ಲಂತೆ. 60 ಸಾವಿರ ರೂಪಾಯಿಯ ಜಾವಾ ಕೋರ್ಸ್ ಒಂದಿದೆ. ಸೇರಲಾ?

ಉತ್ತರ: ಸೇರಬೇಡಿ. ನಿಮ್ಮ ಪ್ರಶ್ನೆಯಲ್ಲಿ ಮೂರು ತೊಂದರೆಗಳಿವೆ. ಒಂದಕ್ಕೂ ಜಾವಾ ಬೇಡ. ಒಂದಕ್ಕಂತೂ ಯಾವ ಪ್ರೋಗ್ರಾಮಿಂಗ್ ಭಾಷೆಯೂ ಬೇಡ, ಸರ್ವರ್‌ನಲ್ಲಿ ಒಂದು ಸೆಟ್ಟಿಂಗ್ ನೋಡಿದರೆ ಸಾಕು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೋಹಾ ಹುಡುಕಾಟವನ್ನು ತಾನೇ ಮಾಡುವುದಿಲ್ಲ. ಝೀಬ್ರಾ ಅನ್ನುವ ಬೇರೆ ಎಂಜಿನ್‌ಗೆ ಒಪ್ಪಿಸುತ್ತದೆ. ಎಲಾಸ್ಟಿಕ್‌ಸರ್ಚ್ ಬಳಸುವ ಆಯ್ಕೆಯೂ ಇದೆ, ಆದರೆ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಝೀಬ್ರಾನೇ ಇರುತ್ತದೆ. ಶೀರ್ಷಿಕೆಯನ್ನು ಪದಗಳಾಗಿ ಒಡೆಯಲು ಝೀಬ್ರಾಗೆ ಎರಡು ದಾರಿಗಳಿವೆ. ಹಳೆಯದು ಇಂಗ್ಲಿಷ್, ಫ್ರೆಂಚ್‌ನಂಥ ಲಿಪಿಗಳಿಗೆ ಮಾಡಿದ ಅಕ್ಷರ ಪಟ್ಟಿ. ಇನ್ನೊಂದು ಐಸಿಯು, ಅದಕ್ಕೆ ಯೂನಿಕೋಡ್‌ನ (ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ) ಎಲ್ಲ ಲಿಪಿಗಳೂ ಗೊತ್ತು. ಕೋಹಾ ಹಾಕುವವರು ಏನೂ ಬದಲಿಸದೆ ಎಂಟರ್ ಒತ್ತುತ್ತಾ ಹೋದರೆ ಹಳೆಯ ಪಟ್ಟಿಯೇ ಉಳಿಯುತ್ತದೆ. ಆಗ ಇಂಗ್ಲಿಷ್ ಪುಸ್ತಕ ಚೆನ್ನಾಗಿ ಸಿಗುತ್ತದೆ, ಕನ್ನಡದ್ದು ಕೈ ಕೊಡುತ್ತದೆ. ನಿಮಗೆ ಕೋಹಾ ಹಾಕಿಕೊಟ್ಟವರಿಗೆ ಇಷ್ಟೇ ಹೇಳಿ: ಇಂಡೆಕ್ಸಿಂಗ್ (ಹುಡುಕಾಟಕ್ಕೆ ಪದಗಳ ಪಟ್ಟಿ ಮಾಡುವುದು) ಅನ್ನು ಐಸಿಯುಗೆ ಬದಲಿಸಿ, ಆಮೇಲೆ ಇಡೀ ಇಂಡೆಕ್ಸ್ ಮತ್ತೆ ಕಟ್ಟಿ. 18 ಸಾವಿರ ಪುಸ್ತಕಕ್ಕೆ ಅದು ದೊಡ್ಡ ಕೆಲಸವೇನಲ್ಲ. ಮಾಡುವ ಮೊದಲು ಬ್ಯಾಕಪ್ ಇರಲಿ.

ಈಗ ರಿಪೋರ್ಟ್ ವಿಷಯ. ಇದಕ್ಕೆ ಬೇಕಾದ್ದು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ. ನನ್ನ ಮಟ್ಟಿಗೆ ಲೈಬ್ರೇರಿಯನ್ ಮೊದಲು ಕಲಿಯಬೇಕಾದ್ದೂ ಇದೇ. ಇದು ಪೂರ್ತಿ ಪ್ರೋಗ್ರಾಮಿಂಗ್ ಭಾಷೆ ಅಲ್ಲ ಅಂತ ಕಂಪ್ಯೂಟರ್ ವಿಭಾಗದವರು ಮೂಗು ಮುರಿಯಬಹುದು. ಮುರಿಯಲಿ ಬಿಡಿ. ಕೋಹಾದ ಡೇಟಾ ಎಲ್ಲ ಇರುವುದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಅನ್ನುವ ಡೇಟಾಬೇಸ್‌ನಲ್ಲಿ. ಕೋಹಾದ ರಿಪೋರ್ಟ್ಸ್ ವಿಭಾಗದಲ್ಲೇ ಎಸ್‌ಕ್ಯೂಎಲ್ ಬರೆದು ಓಡಿಸುವ ಪುಟ ಇದೆ. ಆ ಪುಟದ ಒಳ್ಳೆಯ ಗುಣ ಏನೆಂದರೆ, ಅದು ಸೆಲೆಕ್ಟ್ ಅನ್ನು, ಅಂದರೆ ಡೇಟಾ ಓದುವ ಆದೇಶವನ್ನು ಮಾತ್ರ ಒಪ್ಪುತ್ತದೆ. ಅಪ್‌ಡೇಟ್, ಡಿಲೀಟ್, ಡ್ರಾಪ್ ಬರೆದರೆ ತಿರಸ್ಕರಿಸುತ್ತದೆ. ಅಂದರೆ ನೀವು ಎಷ್ಟು ತಪ್ಪು ಬರೆದರೂ ಒಂದು ದಾಖಲೆಯೂ ಹಾಳಾಗುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಜಾಗ ಬೇರೆ ಇಲ್ಲ. ಇಡೀ ಕ್ಯಾಟಲಾಗನ್ನು ಒಂದೇ ಸಲ ಜಾಲಾಡಿಸುವಂಥದ್ದನ್ನು ಮಾತ್ರ ಇಶ್ಯೂ ಕೌಂಟರ್ ಬಿಝಿ ಇರುವಾಗ ಓಡಿಸಬೇಡಿ, ಸರ್ವರ್ ನಿಧಾನ ಆಗುತ್ತದೆ.

ಟೇಬಲ್‌ಗಳ ಹೆಸರು ಮೊದಲು ಗಾಬರಿ ಹುಟ್ಟಿಸುತ್ತವೆ. ಆದರೆ ನಿತ್ಯ ಬೇಕಾಗುವುದು ಐದಾರೇ. ಶೀರ್ಷಿಕೆ ಮತ್ತು ಲೇಖಕರು ಬಿಬ್ಲಿಯೊದಲ್ಲಿ. ಒಂದೊಂದು ಪ್ರತಿಯ ಬಾರ್‌ಕೋಡ್, ಬೆಲೆ, ಕಾಲ್ ನಂಬರ್ ಐಟಮ್ಸ್‌ನಲ್ಲಿ. ಸದಸ್ಯರು ಬಾರೋವರ್ಸ್‌ನಲ್ಲಿ. ಇಶ್ಯೂ ಆಗಿ ಹೊರಗಿರುವ ಪುಸ್ತಕ ಇಶ್ಯೂಸ್‌ನಲ್ಲಿ ಇರುತ್ತದೆ. ಅದು ವಾಪಸ್ ಬಂದ ತಕ್ಷಣ ಆ ಸಾಲು ಓಲ್ಡ್ ಇಶ್ಯೂಸ್ ಅನ್ನುವ ಬೇರೆ ಟೇಬಲ್‌ಗೆ ಹೋಗಿಬಿಡುತ್ತದೆ. ಇಲ್ಲೇ ಜನ ಎಡವುವುದು. "ಈ ವರ್ಷ ಎಷ್ಟು ಪುಸ್ತಕ ಇಶ್ಯೂ ಆಗಿವೆ" ಅಂತ ಇಶ್ಯೂಸ್ ಒಂದನ್ನೇ ಎಣಿಸಿದರೆ, ಇನ್ನೂ ವಾಪಸ್ ಬರದ ಪುಸ್ತಕಗಳ ಲೆಕ್ಕ ಮಾತ್ರ ಬರುತ್ತದೆ. ನ್ಯಾಕ್ ಫೈಲಿನಲ್ಲಿ ಆ ಸಂಖ್ಯೆ ಹೋದರೆ, ವರ್ಷವಿಡೀ ನಿಮ್ಮ ಲೈಬ್ರರಿಗೆ ಯಾರೂ ಬಂದೇ ಇಲ್ಲ ಅನ್ನುವಂತೆ ಕಾಣುತ್ತದೆ! ಎರಡನ್ನೂ ಯೂನಿಯನ್ ಆಲ್ ಮಾಡಿ ಎಣಿಸಬೇಕು, ಇಲ್ಲವೇ ಸ್ಟಾಟಿಸ್ಟಿಕ್ಸ್ ಟೇಬಲ್ ನೋಡಬೇಕು. ಸೆಲೆಕ್ಟ್, ವೇರ್, ಜಾಯಿನ್, ಗ್ರೂಪ್ ಬೈ, ಯೂನಿಯನ್ ಬಂದರೆ ನಿಮ್ಮ ಫೋನ್ ಕರೆಗಳು ಹೆಚ್ಚುಕಡಿಮೆ ನಿಂತಂತೆಯೇ. ತಾರೀಖನ್ನು ಪ್ರತಿ ಸಲ ಕೇಳುವ ಹಾಗೆ ರಿಪೋರ್ಟ್ ಬರೆದಿಟ್ಟರೆ ಮುಂದಿನ ವರ್ಷಕ್ಕೂ ಅದೇ ಆಗುತ್ತದೆ.

ಚಾಟ್‌ಜಿಪಿಟಿ ಇದನ್ನೆಲ್ಲ ಬರೆದುಕೊಡುತ್ತದಲ್ಲ ಅಂತ ಕೇಳುವಿರಿ. ಬರೆಯುತ್ತದೆ. ಆದರೆ ಕೋಹಾದಲ್ಲಿ ಇಲ್ಲದ ಕಾಲಂ ಹೆಸರನ್ನೂ ಧೈರ್ಯವಾಗಿ ಬರೆಯುತ್ತದೆ. ಹೆಸರು ತಪ್ಪಿದ್ದರೆ ಎರರ್ ಬರುತ್ತದೆ, ಗೊತ್ತಾಗುತ್ತದೆ. ಓಲ್ಡ್ ಇಶ್ಯೂಸ್ ಬಿಟ್ಟಿದ್ದರೆ ಎರರ್ ಬರುವುದಿಲ್ಲ, ತಪ್ಪು ಸಂಖ್ಯೆ ಸುಮ್ನೆ ಬಂದು ಕೂರುತ್ತದೆ. ಓದಿ ಅರ್ಥ ಮಾಡಿಕೊಳ್ಳುವಷ್ಟಾದರೂ ಎಸ್‌ಕ್ಯೂಎಲ್ ನಿಮಗೆ ಬರಬೇಕು. ಹಾಂ, ವಿದ್ಯಾರ್ಥಿಗಳ ಹೆಸರು, ಫೋನ್ ನಂಬರ್ ಇರುವ ಪಟ್ಟಿಯನ್ನು ಅದಕ್ಕೆ ಹಾಕಬೇಡಿ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಸುಮಾರು ಹತ್ತು ಸಾವಿರ ಕನ್ನಡ ಪುಸ್ತಕಗಳು ನುಡಿ ಫಾಂಟಿನ ಎಕ್ಸೆಲ್‌ನಿಂದ ಕೋಹಾಗೆ ಹೋಗಬೇಕು. ಇದಕ್ಕೆ ನನ್ನ ಉತ್ತರ ಪೈಥಾನ್. ಅದು ಈಗ ಎಲ್ಲರ ಬಾಯಲ್ಲೂ ಇದೆ ಅಂತ ಹೇಳುತ್ತಿಲ್ಲ. ಈ ಕೆಲಸಕ್ಕೆ ಬೇಕಾದ ಎರಡು ಸಲಕರಣೆಗಳು ಅದರಲ್ಲಿ ಸಿದ್ಧವಾಗಿವೆ: ಎಕ್ಸೆಲ್ ಓದುವ ಓಪನ್‌ಪೈಎಕ್ಸ್‌ಎಲ್ ಮತ್ತು ಮಾರ್ಕ್ ದಾಖಲೆ (ಪುಸ್ತಕದ ವಿವರವನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ ಲೈಬ್ರರಿಗಳ ಮಾದರಿ) ಓದಿ ಬರೆಯುವ ಪೈಮಾರ್ಕ್.

ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್‌ಗೆ ಕನ್ನಡವೇ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಯುರೋಪಿನ ಅಕ್ಷರಗಳು. ಫಾಂಟ್ ಬದಲಿಸಿದರೆ ಬಣ್ಣ ಬಯಲಾಗುತ್ತದೆ. ಬರಹ ಅನ್ನುವ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳದ್ದೂ ಇದೇ ಕಥೆ. ಯೂನಿಕೋಡ್‌ಗೆ ತರುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ನೀವೇ ಫೈಂಡ್-ರಿಪ್ಲೇಸ್ ಮಾಡಲು ಹೋಗಬೇಡಿ, ಆಗುವುದಿಲ್ಲ. ಕಾರಣ ಇದು: ಹಳೆಯ ಫಾಂಟ್‌ನಲ್ಲಿ ಅಕ್ಷರದ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತವೆ. 'ಕರ್ನಾಟಕ'ದ ಅರ್ಕಾವತ್ತು ಅಲ್ಲಿ 'ನಾ' ಆದಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ರ ಮತ್ತು ಹಲಂತ 'ನಾ'ಗಿಂತ ಮುಂಚೆ ಬರಬೇಕು. ಅಂದರೆ ಅಕ್ಷರ ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು.

ಈಗ ನಿಮ್ಮ ಎಕ್ಸೆಲ್‌ನ ಒಂದು ಸಾಲು ನೆನೆಸಿಕೊಳ್ಳಿ. ಶೀರ್ಷಿಕೆ ನುಡಿಯಲ್ಲಿ, ಪ್ರಕಾಶಕರು ಇಂಗ್ಲಿಷ್‌ನಲ್ಲಿ, ಲೇಖಕರು ಒಮ್ಮೆ ಹಾಗೆ ಒಮ್ಮೆ ಹೀಗೆ. ಡೇಟಾ ಎಂಟ್ರಿಗೆ ಬಂದವರು ಬದಲಾದಂತೆ ಫಾಂಟೂ ಬದಲಾಗಿರುತ್ತದೆ ಅಲ್ವಾ? ಇಡೀ ಶೀಟನ್ನು ಕನ್ವರ್ಟರ್‌ಗೆ ಕೊಟ್ಟರೆ ನುಡಿ ಕನ್ನಡವಾಗುತ್ತದೆ, ಜೊತೆಗೆ ಇಂಗ್ಲಿಷ್ ಪ್ರಕಾಶಕರ ಹೆಸರು ಅರ್ಥವಿಲ್ಲದ ಕನ್ನಡವಾಗುತ್ತದೆ. ಯಾವ ಸೆಲ್ ನುಡಿ, ಯಾವುದು ಇಂಗ್ಲಿಷ್ ಅಂತ ಪಠ್ಯ ನೋಡಿ ಹೇಳುವುದು ಕಷ್ಟ. ಆದರೆ ಎಕ್ಸೆಲ್ ಫೈಲಿಗೆ ಗೊತ್ತು. ಪ್ರತಿ ಸೆಲ್‌ನ ಫಾಂಟ್ ಹೆಸರು ಅದರಲ್ಲಿದೆ, ಓಪನ್‌ಪೈಎಕ್ಸ್‌ಎಲ್ ಅದನ್ನು ಓದಬಲ್ಲದು. ಫಾಂಟ್ ಹೆಸರು ನುಡಿ ಎಂದಿದ್ದರೆ ನುಡಿ ಕನ್ವರ್ಟರ್‌ಗೆ, ಬಿಆರ್‌ಎಚ್ ಎಂದಿದ್ದರೆ ಬರಹದ್ದಕ್ಕೆ, ಬೇರೆ ಏನಿದ್ದರೂ ಮುಟ್ಟಬೇಡ. ಹತ್ತು ಹನ್ನೆರಡು ಸಾಲಿನ ಪೈಥಾನ್ ಇಷ್ಟನ್ನು ಮಾಡುತ್ತದೆ. ಒಂದೇ ಸೆಲ್‌ನೊಳಗೆ ಎರಡು ಫಾಂಟ್ ಬೆರೆತಿದ್ದರೆ ಅವನ್ನು ಪಟ್ಟಿ ಮಾಡಿಕೊಂಡು ಕೈಯಲ್ಲಿ ಸರಿಮಾಡಿ. ಅದಕ್ಕೂ ಪ್ರೋಗ್ರಾಂ ಬರೆಯಲು ಹೊರಟರೆ ಕೈಯಲ್ಲಿ ಮಾಡುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಅದಕ್ಕೇ ಒಂದು ಕಟ್ಟುನಿಟ್ಟಿನ ಮಾತು: ಆ ಎಕ್ಸೆಲ್ ಅನ್ನು ಯಾರೂ ಸಿಎಸ್‌ವಿ (ಬರೀ ಅಕ್ಷರಗಳ ಫೈಲ್) ಮಾಡಿ ಮೂಲವನ್ನು ಅಳಿಸದಂತೆ ನೋಡಿಕೊಳ್ಳಿ. ಸಿಎಸ್‌ವಿಯಲ್ಲಿ ಫಾಂಟ್ ಮಾಹಿತಿ ಉಳಿಯುವುದಿಲ್ಲ. ಹೋದರೆ ಹೋಯಿತು. 13 ಅಂಕಿಯ ಐಎಸ್‌ಬಿಎನ್‌ಗಳೂ ಅಷ್ಟೇ, ಎಕ್ಸೆಲ್ ಅವನ್ನು ದೊಡ್ಡ ಸಂಖ್ಯೆ ಅಂದುಕೊಂಡು 9.78 ಗುಣಿಸು ಹತ್ತರ ಘಾತ 12 ಎಂದು ಮೊಟಕು ಮಾಡಿ ಸಿಎಸ್‌ವಿಗೆ ಬರೆಯಬಲ್ಲದು. 10 ಅಂಕಿಯದರಲ್ಲಿ ಮೊದಲ ಸೊನ್ನೆ ಮಾಯವಾಗುತ್ತದೆ.

ಯೂನಿಕೋಡ್‌ಗೆ ಬಂದಮೇಲೆ ಮುಗಿಯಿತು ಅನ್ನುವ ಹಾಗಿಲ್ಲ. 'ಬೇಂದ್ರೆ' ಅನ್ನುವ ಹೆಸರಿನ 'ಬೇ'ಯನ್ನು ಎರಡು ರೀತಿ ಬರೆಯಬಹುದು. ಬ ಜೊತೆಗೆ ಏತ್ವದ ದೀರ್ಘವೇ ಒಂದು ಕೋಡ್, ಅಥವಾ ಎತ್ವ ಒಂದು ಕೋಡ್, ದೀರ್ಘದ ಗುರುತು ಇನ್ನೊಂದು ಕೋಡ್. ನೋಡಲು ಒಂದೇ. ಹೋಲಿಸಿ ನೋಡುವ ಕಂಪ್ಯೂಟರ್‌ಗೆ ಬೇರೆ ಬೇರೆ. ಕೆಲವು ಕನ್ವರ್ಟರ್‌ಗಳು ಎರಡನೆಯ ರೀತಿ ಬರೆಯುತ್ತವೆ. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಅಂತಿದೆ. ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಒಂದೇ ಸಾಲಿನ ಕೆಲಸ, ಮರೆಯಬೇಡಿ.

ಇನ್ನೊಂದು ಇದಕ್ಕಿಂತ ಕಿರಿಕಿರಿ. 'ಕಾರ್ನಾಡ್' ಅಂತ ಹಲಂತದಲ್ಲಿ ಮುಗಿಯುವ ಪದಗಳ ಕೊನೆಗೆ ಕೆಲವು ಕೀಬೋರ್ಡ್‌ಗಳೂ ಕನ್ವರ್ಟರ್‌ಗಳೂ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ, ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಅದಿರುವ ಕಾರ್ನಾಡ್ ಒಬ್ಬರು, ಇಲ್ಲದ ಕಾರ್ನಾಡ್ ಇನ್ನೊಬ್ಬರು ಆಗಿಬಿಡುತ್ತಾರೆ. ಒಪ್ಯಾಕ್‌ನ (ಓದುಗರು ಪುಸ್ತಕ ಹುಡುಕುವ ಪುಟ) ಲೇಖಕರ ಪಟ್ಟಿಯಲ್ಲಿ ಒಂದೇ ಹೆಸರು ಎರಡೆರಡು ಸಲ ಬಂದರೆ ಮೊದಲು ಇದನ್ನು ಅನುಮಾನಿಸಿ. ಹಾಗಂತ ಈ ಗುರುತನ್ನು ಎಲ್ಲ ಕಡೆಯಿಂದ ಕಿತ್ತುಹಾಕಬೇಡಿ. 'ಸಾಫ್ಟ್‌ವೇರ್' ಅನ್ನುವಂಥ ಪದದ ಮಧ್ಯೆ ಅದು ಬೇಕೇ ಬೇಕು, ಇಲ್ಲದಿದ್ದರೆ ವ ಹೋಗಿ ಒತ್ತಕ್ಷರವಾಗಿ ಕೂರುತ್ತದೆ. ಪದದ ಕೊನೆಯಲ್ಲಿ ಇದ್ದರೆ ಮಾತ್ರ ತೆಗೆಯಿರಿ.

ಪೈಥಾನ್‌ನಲ್ಲೂ ಒಂದು ಹಳ್ಳ ಇದೆ. ಅದರ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೌಲಭ್ಯ) 'ಪದದ ಅಕ್ಷರ' ಅನ್ನುವ ಚಿಹ್ನೆ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಅಕ್ಷರ ಅಂತ ಒಪ್ಪುವುದಿಲ್ಲ. 'ಕನ್ನಡ' ಪದವನ್ನು ಅದಕ್ಕೆ ಕೊಟ್ಟರೆ 'ಕನ' ಮತ್ತು 'ನಡ' ಅಂತ ಎರಡು ತುಂಡು ಮಾಡಿ ಕೊಡುತ್ತದೆ! ರೆಜೆಕ್ಸ್ ಅನ್ನುವ ಬೇರೆ ಪ್ಯಾಕೇಜ್ ಹಾಕಿಕೊಂಡರೆ ಸರಿಹೋಗುತ್ತದೆ. ತಮಾಷೆ ಏನೆಂದರೆ, ಎಲ್ಲರೂ ಮುದುಕ ಅಂತ ಬಿಟ್ಟುಬಿಟ್ಟಿರುವ ಪರ್ಲ್ ಇದನ್ನು ಸರಿಯಾಗಿ ಮಾಡುತ್ತದೆ.

ಮಾರ್ಕ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಭಾಷೆಯ ಆಯ್ಕೆ ನಿಜವಾಗಿ ನಿಂತಿರುವುದು ಅದರ ಮೇಲೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಅನ್ನುವವರ ನೇತೃತ್ವದಲ್ಲಿ ಇದು ರೂಪುಗೊಂಡಿತು. ಆಗ ಮ್ಯಾಗ್ನೆಟಿಕ್ ಟೇಪ್‌ಗಳ ಕಾಲ. ಪ್ರತಿ ದಾಖಲೆಯ ಮೊದಲ 24 ಸ್ಥಾನ ಲೀಡರ್. ಆಮೇಲೆ ಡೈರೆಕ್ಟರಿ: ಪ್ರತಿ ಫೀಲ್ಡ್‌ಗೆ 12 ಅಂಕಿ. ಅದರಲ್ಲಿ 3 ಟ್ಯಾಗ್‌ಗೆ, 4 ಉದ್ದಕ್ಕೆ, 5 ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ. ಈ ಉದ್ದವನ್ನು ಅಳೆಯುವುದು ಬೈಟ್‌ಗಳಲ್ಲಿ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಒಂದು ಬೈಟ್, ಹಾಗಾಗಿ ಹೇಗೆ ಎಣಿಸಿದರೂ ನಡೆಯುತ್ತದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್. 'ಕನ್ನಡ' ಅಂದರೆ ಕ, ನ, ಹಲಂತ, ನ, ಡ, ಒಟ್ಟು 5 ಕೋಡ್, 15 ಬೈಟ್. ಯಾರಾದರೂ ಬರೆದ ಪ್ರೋಗ್ರಾಂ 15ರ ಬದಲು 5 ಅಂತ ಡೈರೆಕ್ಟರಿಗೆ ಹಾಕಿದರೆ, ಆ ಫೀಲ್ಡ್ ಅರ್ಧಕ್ಕೇ ತುಂಡಾಗುತ್ತದೆ, ಅದರ ಮುಂದಿನ ಎಲ್ಲ ಫೀಲ್ಡ್‌ಗಳೂ ಜಾಗ ತಪ್ಪುತ್ತವೆ. ಇಂಗ್ಲಿಷ್ ಪುಸ್ತಕಗಳೆಲ್ಲ ಸರಿ, ಕನ್ನಡದವು ಮಾತ್ರ ಚೂರು ಚೂರಾಗಿ ಬಂದವು ಅನ್ನುವ ದೂರು ಇರುವ ಕಡೆ ನಾನು ಮೊದಲು ಹುಡುಕುವುದು ಇದನ್ನೇ.

ಭಾಷೆ ಭಾಷೆಗೂ ಇಲ್ಲಿ ನಡತೆ ಬೇರೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ನಲ್ಲಿ 'ಕನ್ನಡ'ದ ಉದ್ದ ಕೇಳಿದರೆ 5 ಅನ್ನುತ್ತವೆ. ಪಿಎಚ್‌ಪಿಯ ಮಾಮೂಲಿ ಸ್ಟರ್‌ಲೆನ್ 15 ಅನ್ನುತ್ತದೆ. ಪರ್ಲ್ ಫೈಲಿನ ತಲೆಯಲ್ಲಿ 'ಯೂಸ್ ಯುಟಿಎಫ್8' ಅಂತ ಬರೆದಿದ್ದರೆ 5, ಇಲ್ಲದಿದ್ದರೆ 15. ಯಾವುದೂ ತಪ್ಪಲ್ಲ. ಅದು ಎಣಿಸುತ್ತಿರುವುದು ಏನನ್ನು ಅಂತ ಬರೆಯುವವರಿಗೆ ಗೊತ್ತಿರಬೇಕು ಅಷ್ಟೇ. ಪೈಮಾರ್ಕ್ ಬಳಸಿದರೆ ಬೈಟ್ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ನೀವು ನೋಡಬೇಕಾದ್ದು ಲೀಡರ್‌ನ 9ನೇ ಸ್ಥಾನ, ಸೊನ್ನೆಯಿಂದ ಎಣಿಸಿ. ಅಲ್ಲಿ ಇಂಗ್ಲಿಷ್‌ನ ಸಣ್ಣ 'ಎ' ಇದ್ದರೆ ದಾಖಲೆ ಯೂನಿಕೋಡ್ ಅಂತ ಅರ್ಥ. ಖಾಲಿ ಇದ್ದರೆ ಮಾರ್ಕ್-8 ಅನ್ನುವ ಹಳೆಯ ಸಂಕೇತ ಅಂತ ಅರ್ಥ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

ಅಂತರ್ಜಾಲದಲ್ಲಿ ಸಿಗುವ ಪೈಮಾರ್ಕ್ ಉದಾಹರಣೆಗಳನ್ನು ನಕಲು ಮಾಡುವಾಗ ವಯಸ್ಸು ನೋಡಿ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದೆ. ಪ್ರಿಂಟ್ ಪಕ್ಕದಲ್ಲಿ ಬ್ರಾಕೆಟ್ ಇಲ್ಲದ ಕೋಡ್ ಕಂಡರೆ ಅದು ಹಳೆಯದು, ಬಿಟ್ಟುಬಿಡಿ. ಪೈಮಾರ್ಕ್‌ನ 5ನೇ ಆವೃತ್ತಿಯಲ್ಲಿ ಸಬ್‌ಫೀಲ್ಡ್ ಬರೆಯುವ ರೀತಿಯೂ ಬದಲಾಯಿತು. ಹಳೆಯ ಉದಾಹರಣೆ ಓಡದಿದ್ದರೆ ನಿಮ್ಮ ತಲೆಯನ್ನು ಅನುಮಾನಿಸುವ ಮೊದಲು ಆವೃತ್ತಿಯನ್ನು ಅನುಮಾನಿಸಿ. ಇನ್ನು ಪ್ರತಿಗಳ ಮಾಹಿತಿ ಕೋಹಾದಲ್ಲಿ 952 ಫೀಲ್ಡ್‌ಗೆ ಹೋಗಬೇಕು. ಬಾರ್‌ಕೋಡ್ ಪಿ ಸಬ್‌ಫೀಲ್ಡ್‌ನಲ್ಲಿ, ಕಾಲ್ ನಂಬರ್ ಓ ಸಬ್‌ಫೀಲ್ಡ್‌ನಲ್ಲಿ. ಲೈಬ್ರರಿ ಕೋಡ್ ಕೋಹಾದಲ್ಲಿ ಇರುವ ಹಾಗೇ ಇರಲಿ. ಮೊದಲು ಐವತ್ತು ಪುಸ್ತಕ ಮಾತ್ರ ಕಳಿಸಿ ನೋಡಿ. ಕೋಹಾದಲ್ಲಿ ಆಮದನ್ನು ಮೊದಲು ಸ್ಟೇಜ್ ಮಾಡಿ, ನೋಡಿ, ಆಮೇಲೆ ಒಪ್ಪುವ ಸೌಲಭ್ಯ ಇದೆ. ಒಪ್ಪಿದ ಮೇಲೂ ಆ ಕಂತನ್ನು ರದ್ದು ಮಾಡಬಹುದು.

ಪರ್ಲ್ ಕಲಿಯಬೇಕಾ? ಬರೆಯಲು ಬೇಡ, ಸ್ವಲ್ಪ ಓದಲು ಬಂದರೆ ಒಳ್ಳೆಯದು. ಕೋಹಾ ಹುಟ್ಟಿದ್ದು ನ್ಯೂಜಿಲೆಂಡ್‌ನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ. ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ಬಂದರೆ ಕೆಡುವಂತಿತ್ತು. ಕಟಿಪೊ ಕಮ್ಯುನಿಕೇಶನ್ಸ್ ಅನ್ನುವ ಸಂಸ್ಥೆ 1999ರಲ್ಲಿ ಬರೆದುಕೊಟ್ಟಿತು, 2000ದ ಜನವರಿಯಲ್ಲಿ ಅದು ಚಾಲೂ ಆಯಿತು. ಆ ಕಾಲಕ್ಕೆ ವೆಬ್ ಕೆಲಸ ಅಂದರೆ ಪರ್ಲ್ ಕಡೆ ಕೈ ಹೋಗುವುದು ಸಹಜವೇ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ ಅನ್ನುವ ಲೇಖನ ಭಂಡಾರದ ಸಾಫ್ಟ್‌ವೇರ್ ಕೂಡ ಪರ್ಲ್‌ನದೇ. ಬೆಂಗಳೂರಿನ ಐಐಎಸ್‌ಸಿ 2002ರಲ್ಲಿ ತನ್ನ ಸಂಶೋಧನಾ ಲೇಖನಗಳ ಭಂಡಾರವನ್ನು ಶುರು ಮಾಡಿದ್ದು ಇದೇ ಇಪ್ರಿಂಟ್ಸ್‌ನಲ್ಲಿ. ಕೋಹಾದ ಒಳಗನ್ನೇ ತಿದ್ದುವ, ಪ್ಲಗಿನ್ ಬರೆಯುವ ಆಸೆ ಮುಂದೆ ಹುಟ್ಟಿದರೆ ಆಗ ಪರ್ಲ್ ಕಲಿಯಿರಿ. ಒಪ್ಯಾಕ್ ಪುಟದಲ್ಲಿ ಸಣ್ಣಪುಟ್ಟ ಬದಲಾವಣೆಗೆ ಅಷ್ಟೆಲ್ಲ ಬೇಡ. ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಹಾಕುವ ಜಾಗ ಇದೆ, ಅಲ್ಲಿ ಹಾಕಿದ್ದು ಅಪ್‌ಗ್ರೇಡ್ ಆದರೂ ಉಳಿಯುತ್ತದೆ. ಟೆಂಪ್ಲೇಟ್ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಅಳಿಸಿಹೋಗುತ್ತದೆ.

ಅಕ್ಕನ ಮಗ ಹೇಳಿದ್ದು ಅವನ ಲೆಕ್ಕದಲ್ಲಿ ಸರಿಯೇ. ಡಿಜಿಟಲ್ ಭಂಡಾರ ನಡೆಸುವ ಡಿಸ್ಪೇಸ್ ಅನ್ನುವ ಸಾಫ್ಟ್‌ವೇರ್ ಜಾವಾದಲ್ಲಿದೆ, 2021ರಲ್ಲಿ ಬಂದ 7ನೇ ಆವೃತ್ತಿಯಿಂದ ಅದರಲ್ಲಿ ಬಳಕೆದಾರರು ನೋಡುವ ಪುಟಗಳು ಆಂಗ್ಯುಲರ್ ಅನ್ನುವ ವೆಬ್ ಸಲಕರಣೆಯಲ್ಲಿವೆ. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ (ಪಿಎಚ್‌ಡಿ ಪ್ರಬಂಧಗಳ ಭಂಡಾರ) ಡಿಸ್ಪೇಸ್ ಮೇಲೆಯೇ ನಡೆಯುವುದು. ಆದರೆ ಡಿಸ್ಪೇಸ್ ಇಟ್ಟುಕೊಂಡ ಲೈಬ್ರೇರಿಯನ್‌ಗೂ ನಿತ್ಯ ಬೇಕಾಗುವುದು ಡಬ್ಲಿನ್ ಕೋರ್ (ವಿವರ ಬರೆಯುವ ಒಂದು ಮಾದರಿ) ಮತ್ತು ಸಿಎಸ್‌ವಿ ಮೂಲಕ ಒಟ್ಟೊಟ್ಟಿಗೆ ಮಾಹಿತಿ ತಿದ್ದುವುದು. ಜಾವಾ ಗೊತ್ತಿಲ್ಲದೆಯೂ ನಡೆಯುತ್ತದೆ, ಪೈಥಾನ್ ಗೊತ್ತಿದ್ದರೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಕೆಲಸ ಬಿಟ್ಟು ಸಾಫ್ಟ್‌ವೇರ್ ಕಂಪನಿ ಸೇರುವ ಯೋಚನೆ ನಿಮಗಿದ್ದರೆ ಆ ಕೋರ್ಸ್ ಬಗ್ಗೆ ಬೇರೆ ಮಾತಾಡೋಣ.

ಪಿಎಚ್‌ಪಿಯಲ್ಲಿ ನಮ್ಮದೇ ಸಾಫ್ಟ್‌ವೇರ್ ಅನ್ನುವ ಮಾತಿಗೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಪಿಎಚ್‌ಪಿಯ ತಪ್ಪೇನೂ ಇಲ್ಲ, ವುಫೈಂಡ್‌ನಂಥ ಒಳ್ಳೆಯ ಕ್ಯಾಟಲಾಗ್ ಸಾಫ್ಟ್‌ವೇರ್ ಅದರಲ್ಲೇ ಇದೆ. ತೊಂದರೆ ಬೇರೆ. ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟ್‌ಗೆ ಅಂತ ಬರೆಯುತ್ತಾರೆ. ಶೀರ್ಷಿಕೆ, ಲೇಖಕ, ಬೆಲೆ, ಇಶ್ಯೂ, ರಿಟರ್ನ್ ಇರುತ್ತದೆ. ನೋಡಲು ಕೋಹಾಗಿಂತ ಚೆಂದವೂ ಇರಬಹುದು. ಜೂನ್‌ನಲ್ಲಿ ಹುಡುಗರು ಪಾಸಾಗಿ ಹೋಗುತ್ತಾರೆ. ಮಾರ್ಕ್‌ನಲ್ಲಿ ಎಕ್ಸ್‌ಪೋರ್ಟ್ ಇರುವುದಿಲ್ಲ, ಬ್ಯಾಕಪ್ ಎಲ್ಲಿದೆ ಯಾರಿಗೂ ಗೊತ್ತಿರುವುದಿಲ್ಲ, ಮತ್ತೆ ನೀವು ಎಕ್ಸೆಲ್‌ಗೇ ಬರುತ್ತೀರಿ. ಆ ಹುಡುಗರ ಉತ್ಸಾಹ ಬಳಸಿಕೊಳ್ಳಬೇಕೆಂದರೆ ಮೇಲೆ ಹೇಳಿದ ಫಾಂಟ್ ಬೇರ್ಪಡಿಸುವ ಪೈಥಾನ್ ಕೆಲಸವನ್ನು ಅವರಿಗೆ ಪ್ರಾಜೆಕ್ಟ್ ಆಗಿ ಕೊಡಿ. ಕನ್ನಡ ಅಕಾರಾದಿ ಜೋಡಣೆಯೂ ಒಳ್ಳೆಯ ಪ್ರಾಜೆಕ್ಟ್. ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಳ ಅಕ್ಷರ ಲ ಆದಮೇಲೆ, ವ ಬರುವ ಮೊದಲೇ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ. ಹಾಗಾಗಿ ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಂ 'ಕಳಸ'ವನ್ನು 'ಕವನ'ಕ್ಕಿಂತ ಮುಂದೆ ತರುತ್ತದೆ. ಕನ್ನಡ ಮೇಷ್ಟ್ರು ಪಟ್ಟಿ ನೋಡಿ ಬೈಯುವುದು ಇದಕ್ಕೇ.

ಕಲಿಯಲು ಒಂದು ಹಳೆಯ ಪಿಸಿ ಸಾಕು. ಅದರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ, ಕೋಹಾದ ಇನ್ನೊಂದು ಪ್ರತಿ ಹಾಕಿಸಿಕೊಳ್ಳಿ, ಲೈಬ್ರರಿಯ ಸರ್ವರ್‌ನಿಂದ ತೆಗೆದ ಬ್ಯಾಕಪ್ ಅಲ್ಲಿಗೆ ಸುರಿಯಿರಿ. ಪ್ರಯೋಗ ಎಲ್ಲ ಅಲ್ಲೇ ಮಾಡಿ. ಬ್ಯಾಕಪ್ ನಿಜವಾಗಿ ಕೆಲಸ ಮಾಡುತ್ತದಾ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕೋಹಾ ಬಗ್ಗೆಯೂ ಪೈಥಾನ್ ಬಗ್ಗೆಯೂ ಪಾಠಗಳು ಪುಕ್ಕಟೆ ಇವೆ. ಮೊದಲ ಎರಡು ತಿಂಗಳು ಎಸ್‌ಕ್ಯೂಎಲ್ ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ. ಮೊದಲನೆಯ ರಿಪೋರ್ಟ್ ಇದನ್ನು ಮಾಡಿ: ಕಳೆದ ಮೂರು ವರ್ಷದಲ್ಲಿ ಒಮ್ಮೆಯೂ ಇಶ್ಯೂ ಆಗದ ಪುಸ್ತಕಗಳು, ಕಾಲ್ ನಂಬರ್ ಪ್ರಕಾರ. ನೀವು ಕೋಹಾ ಹಾಕಿ ಎರಡೇ ವರ್ಷವಾದ್ದರಿಂದ ಮೂರನ್ನು ಎರಡು ಮಾಡಿಕೊಳ್ಳಿ. ಇದರಲ್ಲಿ ಐಟಮ್ಸ್, ಬಿಬ್ಲಿಯೊ, ಇಶ್ಯೂಸ್, ಓಲ್ಡ್ ಇಶ್ಯೂಸ್ ನಾಲ್ಕೂ ಬರುತ್ತವೆ, ಮುಂದಿನ ವರ್ಷ ಯಾವ ಪುಸ್ತಕ ತರಿಸಬಾರದು ಅಂತಲೂ ತಿಳಿಯುತ್ತದೆ.